ಚೀಲ ಕಾಯುವ ಹುಡುಗಿ

ಲಾಲ್‌ಬಾಗಿನಲ್ಲಿ ಬೆಳಿಗ್ಗೆ ಒಂದು ಸುತ್ತು ನಡೆದು, ಹೊರಗೆ ಬಂದು ಇಡ್ಲಿ, ವಡೆ, ಮೇಲೊಂದು ಖಾಲಿ ದೋಸೆ ಹೊಡೆದು ಮನೆಗೆ ಹೋಗುವ ಜನರಿದ್ದಾರಲ್ಲ, ಅವರಿಗೆ ಉಪದೇಶದ ಚಟ ಬಹಳ. ತಮ್ಮ ಹೊಟ್ಟೆ ತಮಗಿಂತ ಅರ್ಧ ಅಡಿ ಮುಂದೆ ನಡೆಯುತ್ತಿದ್ದರೂ, ಎದುರಿಗೆ ದಪ್ಪಗಿರುವ ಹೆಂಗಸು ಬಂದರೆ ಸುಮ್ಮನಿರಲಾರರು. ಈ ಜನವರಿಯಲ್ಲಿ ಒಂದು ದಿನ ಪಶ್ಚಿಮದ ಗೇಟಿನ ಬಳಿ ಅಂಥವನೊಬ್ಬ ಒಬ್ಬ ಹೆಂಗಸನ್ನು ನಿಲ್ಲಿಸಿಕೊಂಡು, "ಬೆಳಿಗ್ಗೆ ಎದ್ದು ಬಿಸಿನೀರಿಗೆ ಜೀರಿಗೆ ಹಾಕಿ ಕುಡೀರಿ ಮೇಡಂ, ಹದಿನೈದೇ ದಿನಕ್ಕೆ ಎಲ್ಲಾ ಕರಗೋಗತ್ತೆ," ಎನ್ನುತ್ತಿದ್ದ. ಅವಳು ತಲೆ ತಗ್ಗಿಸಿ ಕೇಳುತ್ತಿದ್ದಳು. ನನಗೆ ಮೈ ಉರಿದುಹೋಯಿತು.

"ನೀವು ಎಷ್ಟು ವರ್ಷದಿಂದ ಕುಡೀತಿದೀರಿ ಸ್ವಾಮಿ? ಕರಗಿದ್ದು ಕಾಣ್ತಾ ಇಲ್ವಲ್ಲ," ಎಂದೆ. ಅವನು ವಾಚು ನೋಡಿಕೊಂಡು ಜಾಗ ಖಾಲಿ ಮಾಡಿದ.

ಆ ಹೆಂಗಸು ನನ್ನ ಮುಖವನ್ನೇ ನೋಡಿ, "ಲಕ್ಷ್ಮೀದೇವಮ್ಮ ಮಿಸ್ ಅಲ್ವಾ? ನಾನು ಯಮುನಾ ಮಿಸ್, ಟೆಂತ್ ಬಿ," ಎಂದಳು.

ನಾನು ಚಾಮರಾಜಪೇಟೆಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಿ.ಟಿ. ಟೀಚರ್ ಆಗಿದ್ದವಳು. ಈಗ ಅರವತ್ತೆಂಟು. ಗಂಟಲು ಮಾತ್ರ ಇನ್ನೂ ಮೈದಾನದ ಈ ತುದಿಯಿಂದ ಆ ತುದಿಗೆ ಕೇಳಿಸುವಂಥದ್ದು. ಮಾವಳ್ಳಿಯ ನಮ್ಮ ಬೀದಿಯಲ್ಲಿ ಕಸದ ಗಾಡಿಯವನೂ ನನಗೆ ಹೆದರುತ್ತಾನೆ. ನಾನು ಜನರ ಮುಖಕ್ಕಿಂತ ಮೊದಲು ಕಾಲು ನೋಡುತ್ತೇನೆ. ಹೆಜ್ಜೆ ಹಾಕುವುದನ್ನು ನೋಡಿಯೇ ಹಳೆಯ ಹುಡುಗಿಯರನ್ನು ಗುರುತು ಹಿಡಿಯುತ್ತೇನೆ. ಥ್ರೋಬಾಲ್ ಆಡಿದವರು, ನೂರು ಮೀಟರ್ ಓಡಿದವರು, ಎಲ್ಲರೂ ನೆನಪಿದ್ದಾರೆ. ಯಮುನಾ ಮಾತ್ರ ನೆನಪಾಗಲಿಲ್ಲ. ಆದರೂ "ಓಹೋ, ಯಮುನಾ!" ಎಂದು ನಾಟಕ ಮಾಡಿದೆ.

ಅವಳಿಗೆ ನಲವತ್ತನಾಲ್ಕು. ಮನೆ ಶಂಕರಪುರಂನಲ್ಲಿ. ಒಂದು ಕಾಲೇಜಿನ ಆಫೀಸಿನಲ್ಲಿ ಕ್ಲಾರ್ಕು, ಇಪ್ಪತ್ತು ವರ್ಷದಿಂದ ಅದೇ ಕುರ್ಚಿ. ಮದುವೆಯಾಗಿಲ್ಲ. ನೋಡಲು ಬಂದ ಮೂರು ಗಂಡುಗಳೂ ಕೇಸರಿಬಾತು ಖಾಲಿ ಮಾಡಿ, ಕಾಫಿ ಕುಡಿದು, ಹುಡುಗಿ ಸ್ವಲ್ಪ ದಪ್ಪ ಎಂದು ಹೇಳಿಕಳಿಸಿದವಂತೆ. ಮೂವರಲ್ಲಿ ಒಬ್ಬನೂ ಸಣ್ಣಗಿರಲಿಲ್ಲವಂತೆ. ಅವಳು ಅದನ್ನು ನಗುತ್ತ ಹೇಳಿದಳು, ನನಗೆ ನಗು ಬರಲಿಲ್ಲ. ಮನೆಯಲ್ಲಿ ತಾಯಿ ರಂಗನಾಯಕಮ್ಮ, ತಮ್ಮ ಮಧುಸೂದನ್, ಅವನ ಹೆಂಡತಿ. ತಮ್ಮನಿಗೆ ಮೂವತ್ತೆಂಟೇ ವರ್ಷ, ಎರಡೂ ಕಿಡ್ನಿ ಕೆಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್. ಹೆಂಡತಿಯ ರಕ್ತದ ಗುಂಪು ಹೊಂದಲಿಲ್ಲ, ತಾಯಿಗೆ ಎಪ್ಪತ್ತಮೂರು ವಯಸ್ಸು, ಜೊತೆಗೆ ಸಕ್ಕರೆ ಕಾಯಿಲೆ. ಕಿಡ್ನಿ ಕೊಡಲು ಹೊಂದಿದ್ದು ಯಮುನಾ ಒಬ್ಬಳೇ. ಆದರೆ ತೂಕದ ಮೆಷಿನ್ನು ತೊಂಬತ್ತೊಂದು ಕೆ.ಜಿ. ತೋರಿಸಿತು. ಎಪ್ಪತ್ತೆಂಟಕ್ಕೆ ಇಳಿಯದೆ ಆಪರೇಷನ್ ಮಾಡಿದರೆ ಅವಳ ಜೀವಕ್ಕೇ ಅಪಾಯ, ತಾವು ಮಾಡುವುದಿಲ್ಲ ಎಂದರು ಡಾಕ್ಟರು. ತಮ್ಮನ ಹೃದಯ ಸೋಲುತ್ತಿದೆ, ದಸರಾ ಒಳಗೆ ಇಳಿದರೆ ಒಳ್ಳೆಯದು ಎಂದೂ ಹೇಳಿದರು.

"ಹದಿಮೂರು ಕೆ.ಜಿ. ಮಿಸ್. ಆಗತ್ತಾ ನನ್ನ ಕೈಲಿ?"

"ಯಾಕಾಗಲ್ಲ? ನಾಳೆ ಐದೂವರೆಗೆ ಇಲ್ಲಿರು. ಐದು ಮೂವತ್ತೊಂದಕ್ಕೆ ಬಂದ್ರೆ ಸೀದಾ ಮನೆಗೆ ಹೋಗ್ಬಿಡು."

ಅವಳು ಐದೂಕಾಲಿಗೇ ಬಂದು ನಿಂತಿದ್ದಳು. ಓಡಬಾರದು, ಮಂಡಿ ಸವೆದಿದೆ ಎಂದು ಡಾಕ್ಟರು ಹೇಳಿದ್ದರಿಂದ ಬರೀ ನಡಿಗೆ. ಲಾಲ್‌ಬಾಗಿನ ಕೆರೆಗೆ ಎರಡು ಸುತ್ತು, ಆಮೇಲೆ ಅಲ್ಲಿನ ಬಂಡೆ ಹತ್ತಿ ಇಳಿಯುವುದು, ಸಂಜೆ ಅವಳ ಮನೆಯ ತಾರಸಿಯ ಮೆಟ್ಟಿಲು ಇಪ್ಪತ್ತು ಸಲ. ಒಂದು ನೋಟ್‌ಬುಕ್ ಕೊಟ್ಟು, ಬಾಯಿಗೆ ಹಾಕಿದ್ದನ್ನೆಲ್ಲ ಬರೆಯಬೇಕೆಂದೆ. ಭಾನುವಾರ ನಾನು ಕೆಂಪು ಪೆನ್ನು ಹಿಡಿದು ನೋಡುತ್ತಿದ್ದೆ. ಗುಂಡಗಿನ ಅಕ್ಷರದಲ್ಲಿ ಒಂದು ಕಡಲೆಬೀಜವನ್ನೂ ಬಿಡದೆ ಬರೆಯುತ್ತಿದ್ದಳು. ಪ್ರತಿ ಗುರುವಾರ, ಶನಿವಾರ ರಾತ್ರಿಯ ಜಾಗದಲ್ಲಿ ‘ಉಪವಾಸ' ಎಂದಿರುತ್ತಿತ್ತು. ತಮ್ಮನಿಗಾಗಿ ತಾಯಿ ಹೊತ್ತ ಹರಕೆಯಂತೆ. ಅದರ ಪಕ್ಕದಲ್ಲಿ ನಾನು ಸಂತೋಷದಿಂದ ‘ಗುಡ್' ಎಂದು ಬರೆಯುತ್ತಿದ್ದೆ.

ಎರಡು ತಿಂಗಳಲ್ಲಿ ನಾಲ್ಕು ಕೆ.ಜಿ. ಇಳಿಯಿತು. ಆಮೇಲೆ ಎಂಬತ್ತೇಳಕ್ಕೆ ಬಂದು ನಿಂತುಬಿಟ್ಟಿತು. ಏಪ್ರಿಲ್ ಎಂಬತ್ತೇಳು, ಮೇ ಎಂಬತ್ತೇಳು.

ಈ ಊರಿನಲ್ಲಿ ಒಬ್ಬ ಮನುಷ್ಯ ಬಾಯಿ ಕಟ್ಟುತ್ತೇನೆಂದರೆ ಜನ ಬಿಡುವುದಿಲ್ಲ. ಕಾಲೇಜಿನಲ್ಲಿ ಯಾರದೋ ಹುಟ್ಟುಹಬ್ಬವಾದರೆ "ಒಂದೇ ಒಂದು ಪೀಸ್ ಯಮುನಾ, ಏನಾಗಲ್ಲ" ಎನ್ನುತ್ತಾರೆ. ಬೇಡವೆಂದರೆ ಜಂಬ. ತಿಂದರೆ, ಇಷ್ಟು ದಪ್ಪ ಇದ್ದರೂ ತಿನ್ನುತ್ತಾಳೆ ನೋಡು ಎಂದು ಬೆನ್ನ ಹಿಂದೆ ಮಾತು. ಚಿಕ್ಕಮ್ಮನ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಪ್ರಸಾದ ಬೇಡ ಅನ್ನಬಾರದೆಂದು ತುಪ್ಪ ಜಿನುಗುವ ಸಜ್ಜಿಗೆಯನ್ನು ಕೈತುಂಬ ಕೊಟ್ಟರು. ಅವಳು ಅದನ್ನು ಪೇಪರಿನಲ್ಲಿ ಕಟ್ಟಿ ಬೆಳಿಗ್ಗೆ ನನಗೆ ತಂದುಕೊಟ್ಟಳು. ನಾನು ತಿಂದೆ. ಬಹಳ ಚೆನ್ನಾಗಿತ್ತು, ಅದಕ್ಕೂ ನನಗೆ ಕೋಪ ಬಂತು.

ಜೂನಿನಲ್ಲಿ ತಮ್ಮನಿಗೆ ಉಸಿರಾಡಲಾಗದೆ ಎರಡು ದಿನ ಐ.ಸಿ.ಯು.ನಲ್ಲಿಟ್ಟರು. ಅದೇ ವಾರ ಅವಳನ್ನು ಮೆಡಿಕಲ್ ಶಾಪಿನ ಮೆಷಿನ್ ಮೇಲೆ ನಿಲ್ಲಿಸಿದೆ. ಎಂಬತ್ತೇಳು ಇನ್ನೂರು. ಮರುದಿನ ಬಂಡೆಯ ಮೇಲೆ, ಸುತ್ತ ಹತ್ತು ಜನ ಇದ್ದಾರೆಂಬುದನ್ನೂ ನೋಡದೆ ನಾನು ಅವಳ ಮೇಲೆ ಹರಿಹಾಯ್ದೆ.

"ಕದ್ದು ತಿಂತಿದೀಯ ನೀನು! ಬುಕ್ಕಲ್ಲಿ ಒಂದು ಬರೀತೀಯ, ಮನೇಲಿ ಇನ್ನೊಂದು ಮಾಡ್ತೀಯ. ಅಲ್ಲಿ ತಮ್ಮ ಸಾಯ್ತಿದಾನೆ, ನಿನಗೆ ನಾಲಿಗೆ ಹಿಡಿಯಕ್ಕಾಗಲ್ವಾ?"

ಐದು ತಿಂಗಳಲ್ಲಿ ಒಂದೇ ಒಂದು ಸಲವೂ ಎದುರು ಮಾತಾಡಿರಲಿಲ್ಲ ಅವಳು. ಅವತ್ತು ಮಾತಾಡಿದಳು.

"ನಿಮಗೆ ನಾನು ಯಾರು ಅಂತ ನೆನಪೇ ಇಲ್ಲ ಅಲ್ವಾ ಮಿಸ್? ಮೊದಲ್ನೇ ದಿನಾನೇ ಗೊತ್ತಾಯ್ತು ನಂಗೆ. ಮೂರು ವರ್ಷ ಪಿ.ಟಿ. ಪೀರಿಯಡ್‌ನಲ್ಲಿ ನನ್ನ ಕೈಲಿ ಚೀಲ ಕಾಯಿಸಿದ್ರಿ. ಎಲ್ಲರ ಚೀಲ, ಎಲ್ಲರ ಚಪ್ಪಲಿ. ನಿನ್ನ ಕೈಲಿ ಓಡಕ್ಕಾಗಲ್ಲ, ಇದನ್ನ ನೋಡ್ಕೋ ಅಂದ್ರಿ. ಒಂದು ಸಲ ನಾನೂ ಓಡ್ತೀನಿ ಮಿಸ್ ಅಂತ ಎದ್ದು ನಿಂತೆ. ಕೂತ್ಕೋ ಅಂದ್ರಿ. ಆಗ ಓಡು ಅಂದಿದ್ರೆ ಓಡ್ತಿದ್ದೆ. ಈಗ ಬಂದು ಯಾಕೆ ಓಡ್ಲಿಲ್ಲ ಅಂತ ಬೈತಿದೀರಿ."

ಅಷ್ಟು ಹೇಳಿ ಬಂಡೆ ಇಳಿದು ಹೋದಳು. ಆಗ ನನಗೆ ನೆನಪಾಯಿತು. ಮುಖವಲ್ಲ, ಹೊಂಗೆ ಮರದ ಕೆಳಗಿನ ಕಲ್ಲುಬೆಂಚು, ಅದರ ಮೇಲೆ ಚೀಲಗಳ ರಾಶಿ, ರಾಶಿಯ ಪಕ್ಕದಲ್ಲಿ ಒಂದು ದಪ್ಪ ಹುಡುಗಿ. ಪ್ರತಿ ಕ್ಲಾಸಿನಲ್ಲೂ ನನಗೆ ಅಂಥ ಒಬ್ಬಳು ಬೇಕಿತ್ತು. ಆಟದಲ್ಲಿ ಗೆದ್ದು ಕಪ್ಪು ತರುವ ಹುಡುಗಿಯರ ಚೀಲ ಯಾರಾದರೂ ಕಾಯಬೇಕಲ್ಲ. ನಾನು ಅವರನ್ನು ಬಿಸಿಲಿನಿಂದ ಉಳಿಸುತ್ತಿದ್ದೇನೆ, ಉಪಕಾರ ಮಾಡುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ. ರಿಟೈರ್ ಆದ ದಿನ ಶಾಲು ಹೊದಿಸಿ, ಸಾವಿರಾರು ಹೆಣ್ಣುಮಕ್ಕಳನ್ನು ಓಡಿಸಿದವರು ಎಂದು ಭಾಷಣ ಮಾಡಿದರು. ನಾನೂ ಕೂತು ಕೇಳಿದೆ.

ಮೂರು ದಿನ ಯಮುನಾ ಬರಲಿಲ್ಲ. ಶನಿವಾರ ಸಂಜೆ ನಾನೇ ಶಂಕರಪುರಂಗೆ ಹೋದೆ. ಕ್ಷಮೆ ಕೇಳಲು ಹೋದೆನೆಂದರೆ ಸುಳ್ಳಾಗುತ್ತದೆ. ನಾನು ಹಿಂದೆ ಮಾಡಿದ್ದು ತಪ್ಪೇ ಇರಬಹುದು, ಅವಳು ಈಗ ಕದ್ದು ತಿನ್ನುವುದು ತಪ್ಪಲ್ಲವೇ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಹೋದೆ.

ಬಾಗಿಲು ತೆರೆದಿತ್ತು. ಯಮುನಾ ಊಟಕ್ಕೆ ಕೂತಿದ್ದಳು. ತಟ್ಟೆಯಲ್ಲಿ ಗೋಡಂಬಿ ಹಾಕಿದ ರವೆ ಉಪ್ಪಿಟ್ಟು, ಮೇಲೆ ತುಪ್ಪ. ಪಕ್ಕದಲ್ಲಿ ಎರಡು ಚಪಾತಿ, ಒಂದು ಬಟ್ಟಲು ಬಾಳೆಹಣ್ಣಿನ ರಸಾಯನ. ರಂಗನಾಯಕಮ್ಮ ತುಪ್ಪದ ಮಿಳ್ಳೆ ಹಿಡಿದು ಪಕ್ಕದಲ್ಲೇ ನಿಂತಿದ್ದರು.

"ಬನ್ನಿ ಮಿಸ್, ಬನ್ನಿ. ಒಳ್ಳೇ ಹೊತ್ತಿಗೆ ಬಂದ್ರಿ. ಕೂತ್ಕೊಳ್ಳಿ, ಪಲಾರ ಮಾಡಿ."

"ಇವತ್ತು ಉಪವಾಸ ಅಲ್ವೇನ್ರಿ?"

"ಹೌದು ಮತ್ತೆ! ಅದಕ್ಕೇ ಪಲಾರ. ಅನ್ನ ಮುಟ್ಟಿಲ್ಲ ನೋಡಿ ಅವಳು. ಒಪ್ಪತ್ತು ಅಂತ ಮಧ್ಯಾಹ್ನಾನೇ ಹೊಟ್ಟೆತುಂಬ ಊಟ ಹಾಕ್ಬಿಡ್ತೀನಿ, ರಾತ್ರಿ ಇಷ್ಟೇ. ನಡೆದೂ ನಡೆದೂ ಸೊರಗಿಹೋಗಿದಾಳೆ ಅಂತ ಒಂಚೂರು ತುಪ್ಪ ಹಾಕ್ದೆ."

ನಮ್ಮ ಕಡೆ ಉಪವಾಸವೆಂದರೆ ಒಲೆ ಹಚ್ಚದ ದಿನ. ಶಿವರಾತ್ರಿಯಂದು ನಮ್ಮವ್ವ ಒಂದು ಲೋಟ ನೀರು ಕುಡಿಯಲೂ ಯೋಚಿಸುತ್ತಿದ್ದಳು. ಈ ಮನೆಯಲ್ಲಿ ಅನ್ನ ಬಿಟ್ಟರೆ ಅದೇ ಉಪವಾಸ. ಉಪ್ಪಿಟ್ಟು ಲೆಕ್ಕಕ್ಕಿಲ್ಲ, ಚಪಾತಿ ಲೆಕ್ಕಕ್ಕಿಲ್ಲ. ಯಮುನಾ ಹುಟ್ಟಿದಾಗಿನಿಂದ ಅದನ್ನೇ ಉಪವಾಸವೆಂದು ಕೇಳಿಕೊಂಡು ಬೆಳೆದವಳು, ಅದನ್ನೇ ಬರೆದಿದ್ದಳು. ಒಂದು ಚೂರನ್ನೂ ಅವಳು ಕದ್ದು ತಿಂದಿರಲಿಲ್ಲ. ಐದು ದಿನ ಬಾಯಿ ಕಟ್ಟಿ, ಬೆವರು ಸುರಿಸಿ ಇಳಿಸಿದ್ದನ್ನು ಎರಡು ದಿನದ ಉಪವಾಸ ವಾಪಸು ತುಂಬಿಸುತ್ತಿತ್ತು.

ನನ್ನ ತಲೆ ಕೆಟ್ಟುಹೋಯಿತು. ಮೈದಾನದ ದನಿಯಲ್ಲಿ ಕಿರುಚಿದೆ. "ಏನ್ರೀ ಮಾಡ್ತಿದೀರಿ ನೀವು? ಆ ತಟ್ಟೇಲಿರೋದು ನಿಮ್ಮ ಮಗನ ಪ್ರಾಣ ರೀ! ಹರಕೆ ಅಂತೆ, ಪಲಾರ ಅಂತೆ! ಇದಕ್ಕಿಂತ ಎರಡು ತುತ್ತು ಅನ್ನ ತಿಂದಿದ್ರೆ ಅವಳು ಇಷ್ಟೊತ್ತಿಗೆ ಇಳಿದಿರೋಳು!"

ರಂಗನಾಯಕಮ್ಮ ಮಿಳ್ಳೆಯನ್ನು ನೆಲದ ಮೇಲಿಟ್ಟು ಅಲ್ಲೇ ಕೂತುಬಿಟ್ಟರು. "ಅನ್ನ ಅಲ್ವಲ್ಲ..." ಎಂದರು. ಆಮೇಲೆ, "ಹಾಗಾದ್ರೆ ನನ್ನ ಮಗನಿಗೆ ನಾನೇ ಅಡ್ಡ ಬಂದ್ನಾ?" ಎಂದು ಮಗಳನ್ನು ಕೇಳಿದರು.

ಯಮುನಾ ತಟ್ಟೆ ಸರಿಸಿ ಎದ್ದಳು. "ಅಮ್ಮನ್ನ ಬೈಬೇಡಿ ಮಿಸ್. ಅವ್ರಿಗೆ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ. ಬುಕ್ ನೋಡ್ತಿದ್ದೋರು ನೀವು. ಉಪವಾಸ ಅಂದ್ರೆ ಏನ್ ತಿಂತೀಯ ಅಂತ ಒಂದು ಸಲನಾದ್ರೂ ಕೇಳಿದ್ರಾ? ಗುಡ್ ಅಂತ ಬರೆದ್ರಿ."

ಬೇರೆಯವರ ಮೇಲೆ ಕೋಪ ಮಾಡಿಕೊಳ್ಳುವುದು ನನಗೆ ಸುಲಭ, ಜೀವನವಿಡೀ ಮಾಡಿದ್ದೇನೆ. ಅವತ್ತು ಆ ಕೋಪಕ್ಕೆ ಹೋಗಲು ಬೇರೆ ಜಾಗವಿರಲಿಲ್ಲ.

ಮಾರನೆಯ ದಿನ ಐದೂವರೆಗೆ ಇಬ್ಬರೂ ಗೇಟಿನ ಹತ್ತಿರ ಇದ್ದೆವು, ನಡೆದೆವು. ಅತ್ತ ರಂಗನಾಯಕಮ್ಮ ದೇವರ ಮುಂದೆ ನಿಂತು ಹರಕೆಯನ್ನೇ ಬದಲಾಯಿಸಿಕೊಂಡರಂತೆ. ಗುರುವಾರ, ಶನಿವಾರ ರಾತ್ರಿ ಒಂದು ಬಟ್ಟಲು ಸೌತೆಕಾಯಿ ಕೋಸಂಬರಿ, ಒಂದು ಲೋಟ ನೀರುಮಜ್ಜಿಗೆ. ತಾವೂ ಅಷ್ಟನ್ನೇ ತಿಂದು ಮಗಳ ಎದುರಿಗೆ ಕೂರುತ್ತಿದ್ದರು. ಗೌರಿ ಹಬ್ಬದಲ್ಲಿ ಚಿಕ್ಕಮ್ಮ ಹೋಳಿಗೆ ಹಿಡಿದು "ಒಂದು ದಿನಕ್ಕೆ ಏನಾಗತ್ತೆ" ಎಂದು ಬಂದಾಗ, "ಅವಳ ತಟ್ಟೆ ತಂಟೆಗೆ ಬಂದ್ರೆ ಸರಿಯಿರಲ್ಲ" ಎಂದು ಆ ಸಣ್ಣ ಮುದುಕಿ ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತಂತೆ. ಕೇಳಿ ನನಗೆ ಬಹಳ ಖುಷಿಯಾಯಿತು.

ಎಂಬತ್ತನಾಲ್ಕು, ಎಂಬತ್ತೊಂದು. ಮಳೆ ಬಂದ ದಿನ ಛತ್ರಿ ಹಿಡಿದು ನಡೆದಳು. ಸೆಪ್ಟೆಂಬರಿನಲ್ಲಿ ಎಪ್ಪತ್ತೊಂಬತ್ತಕ್ಕೆ ಮತ್ತೆ ನಿಂತಿತು. ಒಂದು ಸಂಜೆ ತಾರಸಿಯ ಮೆಟ್ಟಿಲ ಮೇಲೆ ಕೂತು, "ಈ ಮೈಯೇ ಬೇಡ ಅನ್ಸತ್ತೆ ಮಿಸ್," ಎಂದು ಅತ್ತಳು. ಬೈಯಲು ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಪಕ್ಕದಲ್ಲಿ ಕೂತೆ. ಅವಳೇ ಕಣ್ಣೊರೆಸಿಕೊಂಡು ಎದ್ದು ಉಳಿದ ಏಳು ಸಲ ಹತ್ತಿ ಇಳಿದಳು.

ದಸರಾಕ್ಕೆ ನಾಲ್ಕು ದಿನವಿದ್ದಾಗ ಆಸ್ಪತ್ರೆಗೆ ಹೋದೆವು. ಎರಡನೇ ಮಹಡಿಯಲ್ಲಿ ತಮ್ಮನಿಗೆ ಡಯಾಲಿಸಿಸ್ ನಡೆಯುತ್ತಿತ್ತು, ತಾಯಿ ಅಲ್ಲಿದ್ದರು. ಕೆಳಗೆ ಡಾಕ್ಟರ ಕೋಣೆಯ ಮುಂದೆ ಬೆಂಚಿನ ಮೇಲೆ ನಾವಿಬ್ಬರು. ನರ್ಸ್ ಬಂದು, "ತೂಕ ನೋಡ್ಬೇಕು, ಬ್ಯಾಗು ಚಪ್ಪಲಿ ಎಲ್ಲಾ ಇಲ್ಲೇ ಬಿಟ್ಟು ಬನ್ನಿ," ಎಂದಳು.

ಯಮುನಾ ಚಪ್ಪಲಿ ಬಿಟ್ಟಳು. ಚೀಲವನ್ನು ನನ್ನ ತೊಡೆಯ ಮೇಲಿಟ್ಟು, "ನೋಡ್ಕೊಳ್ತಿರಿ ಮಿಸ್," ಎಂದು ಒಳಗೆ ಹೋದಳು. ಬೇಕೆಂದೇ ಹೇಳಿದಳೋ, ಸುಮ್ಮನೆ ಹೇಳಿದಳೋ ಗೊತ್ತಿಲ್ಲ. ನಾನು ಕೇಳುವುದೂ ಇಲ್ಲ.

ಹತ್ತೇ ನಿಮಿಷ ಇರಬಹುದು. ಯಾರೋ ಕೂರಲು ಬಂದು ಕಾಲಿನಿಂದ ಅವಳ ಚಪ್ಪಲಿ ಸರಿಸಿದ. "ಕಣ್ಣು ಕಾಣಲ್ವೇನ್ರಿ?" ಎಂದು ಗದರಿ, ಚಪ್ಪಲಿ ಎತ್ತಿ ಕೈಯಲ್ಲೇ ಹಿಡಿದುಕೊಂಡೆ. ಎಲ್ಲರೂ ಒಳಗೆ, ನಾನೊಬ್ಬಳೇ ಹೊರಗೆ, ಮಾಡಲು ಏನೂ ಇಲ್ಲ. ಆ ಹುಡುಗಿ ವಾರಕ್ಕೆರಡು ಪೀರಿಯಡ್ಡಿನಂತೆ ಮೂರು ವರ್ಷ ಹೀಗೆ ಕೂತಿದ್ದಳು. ನನ್ನ ಮೇಲೆ ನನಗೆ ಬಂದಷ್ಟು ಸಿಟ್ಟು ಈ ಜನ್ಮದಲ್ಲಿ ಯಾರ ಮೇಲೂ ಬಂದಿರಲಿಲ್ಲ.

ಬಾಗಿಲು ದಡಕ್ಕನೆ ತೆರೆಯಿತು. "ಎಪ್ಪತ್ತೇಳು ಆರುನೂರು ಮಿಸ್! ಆಗತ್ತಂತೆ! ಮಧುಗೆ ಹೇಳ್ಬೇಕು," ಎಂದವಳೇ ಚೀಲ ಬೇಡ, ಚಪ್ಪಲಿ ಬೇಡ, ಬರಿಗಾಲಿನಲ್ಲಿ ಆ ಉದ್ದದ ಹಜಾರದಲ್ಲಿ ಓಡಿದಳು. ಸ್ಟ್ರೆಚರಿನವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಏಯ್, ಓಡಬೇಡ, ಮಂಡಿ ಎಂದು ಕೂಗಲು ನಾನು ಬಾಯಿ ತೆರೆದೆ. ತೆರೆದು, ಮುಚ್ಚಿಕೊಂಡೆ. ಅವಳು ಮೆಟ್ಟಿಲ ತಿರುವಿನಲ್ಲಿ ಕಾಣದಾಗುವವರೆಗೂ ಆ ಕಾಲುಗಳನ್ನೇ ನೋಡುತ್ತ ನಿಂತಿದ್ದೆ. ಆಮೇಲೆ ಅವಳ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಹಿಂದೆಯೇ ಮೆಟ್ಟಿಲು ಹತ್ತಿದೆ.