ತೊಂಬತ್ತೊಂದು ಹೆಜ್ಜೆ, ಇಪ್ಪತ್ತೊಂದು ಅಡಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಗಾದೆ. ಕಾಲು ಎಷ್ಟು ಚಾಚುತ್ತೀರೋ ಅಷ್ಟು ಹಾಸಿಗೆ ಮಾರುವುದು ನನ್ನ ಕಸುಬು. ಅಡಿಲೇಡ್ ನಗರದ ಹೊರಗಿನ ಗಾಲರ್ ಪೇಟೆಯ ಮುಖ್ಯರಸ್ತೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹಾಸಿಗೆ ಅಂಗಡಿ ನಡೆಸುತ್ತಿದ್ದೇನೆ. ಹೆಸರು ಟ್ರೆವರ್ ಲೀಬೆಲ್ಟ್. ಒಮ್ಮೆ ಮಲಗಿದರೆ ಸಾಕು, ಹಾಸಿಗೆಯ ಹೊಟ್ಟೆಯಲ್ಲಿ ಏನಿದೆ ಎಂದು ಬೆನ್ನಿನಿಂದಲೇ ಹೇಳಬಲ್ಲೆ. ನನಗೆ ಬರುವ ವಿದ್ಯೆ ಅದೊಂದೇ. ಮನುಷ್ಯ ಎದ್ದು ನಿಂತು ಮಾಡಬೇಕಾದ ಕೆಲಸಗಳಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಕೇಳಬಾರದು, ಕೇಳುವುದೂ ಇಲ್ಲ. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿಮನೆ, ಅಂದರೆ ಕ್ಯಾರವಾನ್, ಕೊಳ್ಳುವಾಗಲೂ ಯಾರೂ ಕೇಳಿರಲಿಲ್ಲ, ನಾನೇ ಹೇಳಿದೆ.

ಕ್ಯಾರವಾನ್ ಬೇಕಾಗಿದ್ದು ನನ್ನ ಮಾವನಿಗಾಗಿ. ಮೆರ್ವಿನ್ ಟ್ರೆಗೆಂಜಾ, ಊರಿಗೆಲ್ಲ ಮೆರ್ವ್. ಜೀವಮಾನವಿಡೀ ಲಾರಿಯಲ್ಲಿ ಕುರಿ, ಬಾರ್ಲಿ ಸಾಗಿಸಿದವರು. ಪೋರ್ಟ್ ಕ್ಯಾರೋ ಎಂಬ ಸಣ್ಣ ಕಡಲೂರಿನಲ್ಲಿ, ಕ್ಯಾರವಾನ್ ನಿಲ್ಲಿಸಿ ರಜೆ ಕಳೆಯುವ ಪಾರ್ಕಿನಲ್ಲಿ ಇಪ್ಪತ್ತೇಳನೇ ನಂಬರಿನ ಜಾಗ ನಲವತ್ತೊಂದು ಬೇಸಿಗೆಯಿಂದ ಅವರದು. ಪ್ರತಿ ಬೇಸಿಗೆ, ಕ್ರಿಸ್‌ಮಸ್ ಕಳೆದ ಎರಡನೇ ದಿನ ಮಧ್ಯಾಹ್ನ ಎರಡು ಗಂಟೆಯೊಳಗೆ ಕ್ಯಾರವಾನ್ ಆ ಜಾಗದ ಗಡಿಯ ನಾಲ್ಕು ಗೂಟಗಳ ಒಳಗೆ ನಿಂತಿರಬೇಕು. ಇಲ್ಲದಿದ್ದರೆ ಜಾಗ ಮುಂದಿನವರಿಗೆ. ಕಾಯುವವರ ಪಟ್ಟಿಯಲ್ಲಿ ಏಳು ವರ್ಷದಿಂದ ಹೆಸರು ಬರೆಸಿಟ್ಟವರಿದ್ದಾರೆ. ಯಾರಾದರೂ ಮುದುಕ ಆಸ್ಪತ್ರೆ ಸೇರಿದನೆಂದರೆ ಮೊದಲು ಅವನ ಆರೋಗ್ಯ ವಿಚಾರಿಸುವವರು ಅವರೇ.

ಕಳೆದ ಚಳಿಗಾಲದಲ್ಲಿ ಮೆರ್ವ್ ಅವರ ಕಣ್ಣು ಹೋಯಿತು. ಪೂರ್ತಿ ಕತ್ತಲೆಯಲ್ಲ, ನಡುವಿನದ್ದು ಅಳಿಸಿಹೋಗಿ ಅಂಚು ಮಾತ್ರ ಉಳಿದಿದೆ. ಎದುರಿಗೆ ನಿಂತವನ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಲೈಸೆನ್ಸನ್ನು ಅವರೇ ಕೊಟ್ಟು ಬಂದರು. ಅಂದಿನಿಂದ ಅಂಗಡಿಗೆ ಹೋಗಲೂ ಯಾರಾದರೂ ಮೊಣಕೈ ಹಿಡಿಯಬೇಕು. ಪೋರ್ಟ್ ಕ್ಯಾರೋದಲ್ಲಿ ಮಾತ್ರ ಬೇಡ. ನಲವತ್ತು ವರ್ಷ, ಹೆಂಡತಿ ಬೆರಿಲ್‌ಗೆ ಎಚ್ಚರವಾಗಬಾರದೆಂದು, ಬೆಳಗಿನ ಜಾವ ಟಾರ್ಚ್ ಹಾಕದೆ ಮೀನು ಹಿಡಿಯಲು ಹೋಗುತ್ತಿದ್ದರಲ್ಲ, ದಾರಿ ಕಾಲಿಗೇ ಗೊತ್ತು. ಬಾಗಿಲಿಂದ ಇಳಿದು ರಸ್ತೆಯ ಕಡೆಗೆ ಹನ್ನೆರಡು ಹೆಜ್ಜೆ ನೇರ, ಎಡಕ್ಕೆ ತಿರುಗಿ ಎಪ್ಪತ್ತೊಂಬತ್ತು, ಒಟ್ಟು ತೊಂಬತ್ತೊಂದಕ್ಕೆ ಸಮುದ್ರದೊಳಕ್ಕೆ ಚಾಚಿದ ಕಟ್ಟೆಯ, ಅಂದರೆ ಜೆಟ್ಟಿಯ, ಕಂಬಿ. ಕಂಬಿ ಕೈಗೆ ಸಿಕ್ಕಿತೆಂದರೆ ಮುಂದೆ ಅದೇ ಸಮುದ್ರದವರೆಗೆ ಕರೆದೊಯ್ಯುತ್ತದೆ. ಬೆರಿಲ್ ಈಗಿಲ್ಲ. ನನ್ನ ಹೆಂಡತಿ ರೋಸ್ಲಿನ್ ಆ ಚಳಿಗಾಲ ಒಂದೇ ಮಾತು ಹೇಳಿದ್ದಳು: "ಭೂಮಿ ಮೇಲೆ ಅಪ್ಪ ಒಬ್ಬರೇ ನಡೆಯೋ ಜಾಗ ಅಂತ ಉಳಿದಿರೋದು ಅದೊಂದೇ ಟ್ರೆವ್. ಅದು ಹೋಗಬಾರದು."

ಅವರ ಹಳೇ ಹದಿನೈದು ಅಡಿಯ ಪ್ಲೈವುಡ್ ಕ್ಯಾರವಾನಿನ ನೆಲ ಕೊಳೆತು, ಅದರಲ್ಲಿ ಈಗ ಕೋಳಿಗಳಿವೆ. ಹೊಸದನ್ನು ನಾನು ಕೊಳ್ಳುತ್ತೇನೆ, ನಾನೇ ಎಳೆದೊಯ್ಯುತ್ತೇನೆ ಎಂದೆ. ಅದಕ್ಕೆ ಮೊದಲು ನಾನು ಎಳೆದದ್ದರಲ್ಲಿ ದೊಡ್ಡದೆಂದರೆ ಎರಡು ಜನರ ಹಾಸಿಗೆ.

ಅಡಿಲೇಡಿನ ಮಾರಾಟದ ಅಂಗಳಕ್ಕೆ ರೋಸ್ಲಿನ್ ಅಳತೆ ಪಟ್ಟಿ ಹಿಡಿದು ಬಂದಿದ್ದಳು. ಹದಿನಾರು ಅಡಿ ಸಾಕು, ನಮ್ಮ ಕಾರಿನ ಶಕ್ತಿಯೂ ಅಷ್ಟೇ ಎಂದು ಹೇಳುತ್ತಲೇ ಇದ್ದಳು. ನಾನು ಇಪ್ಪತ್ತೊಂದು ಅಡಿಯದರ ಒಳಗೆ ಹೋಗಿ, ಬೂಟು ಬಿಚ್ಚಿ, ಹಾಸಿಗೆಯ ಮೇಲೆ ಮಲಗಿದೆ. ಅಲ್ಲಿಗೆ ವ್ಯಾಪಾರ ಮುಗಿಯಿತು. ದಿಂಬಿನ ಪಕ್ಕದಲ್ಲಿ ಅಗಲವಾದ ಕಿಟಕಿ, ಕಣ್ಣು ಬಿಟ್ಟರೆ ಸಮುದ್ರ ಕಾಣುತ್ತದೆಂದು ಮಾರುವವನು ಹೇಳಿದ. ಅಂಗಳದಲ್ಲಿ ಟೈರ್ ಅಂಗಡಿ ಕಾಣುತ್ತಿತ್ತು, ಆದರೂ ನಂಬಿದೆ. ಇಪ್ಪತ್ತೆರಡು ವರ್ಷ ಇದೇ ಮಾತನ್ನು ಬೇರೆಯವರಿಗೆ ಹೇಳಿದವನು, ಕೇಳಿಸಿಕೊಂಡದ್ದು ಅದೇ ಮೊದಲು.

ಮೆರ್ವ್ ಹೊರಗೆ ಕ್ಯಾರವಾನಿನ ಸುತ್ತ ಅಂಗೈ ಸವರುತ್ತ ಒಂದು ಸುತ್ತು ಬಂದು ಒಂದೇ ಪ್ರಶ್ನೆ ಕೇಳಿದರು: "ಬಾಗಿಲು ಎಲ್ಲಿ ಬರತ್ತೆ ಇದಕ್ಕೆ?"

ಮುಂದುಗಡೆ, ಅಡುಗೆ ಕಟ್ಟೆಯ ಪಕ್ಕ ಎಂದ ಮಾರುವವನು. ಮೆರ್ವ್ ಗಂಟಲು ಸರಿಮಾಡಿಕೊಂಡರು. ಪಾಪ, ಬಾಗಿಲೂ ಕಾಣದಷ್ಟು ಆಗಿದೆಯಲ್ಲ ಎಂದು ನಾನು ಮಲಗಿದಲ್ಲೇ ಮರುಗಿದೆ.

ಹೊರಡುವ ಮೊದಲು ರೋಸ್ಲಿನ್‌ಗೆ ಒಂದು ಷರತ್ತು ಹಾಕಿದೆ. ದಾರಿಯುದ್ದಕ್ಕೂ ನಿಮ್ಮಪ್ಪ ಬಾಯಿ ಬಿಡಕೂಡದು. ಹಿಂದೆ ಕೂತು ಗೇರು ಹೇಳಿಕೊಡುವ ಮಾವನನ್ನು ಕಟ್ಟಿಕೊಂಡು ಗಾಡಿ ಓಡಿಸಲು ನನ್ನಿಂದ ಆಗದು ಎಂದೆ. ಅವಳು ಅದನ್ನು ಅವರಿಗೆ ಮುಟ್ಟಿಸಿದಳು. ಮೆರ್ವ್ ಸರಿ ಎಂದರು. ಆ ಮುದುಕನ ಮಾತು ಎಂದರೆ ಮಾತು, ಮೂರು ಗಂಟೆಯ ದಾರಿಯಲ್ಲಿ ಒಂದಕ್ಷರ ಆಡಲಿಲ್ಲ. ಗಂಟಲು ಮಾತ್ರ ಸರಿಮಾಡಿಕೊಳ್ಳುತ್ತಿದ್ದರು.

ನಾನು ಭಾರವಾದ ಸಾಮಾನನ್ನೆಲ್ಲ, ಅಂದರೆ ಜನರೇಟರು, ಎರಡು ಸ್ಟೆಪ್ನಿ, ನೀರಿನ ಕ್ಯಾನುಗಳು, ಯಾವ ನಟ್ಟಿಗೂ ಹೊಂದದ ಸ್ಪ್ಯಾನರುಗಳ ಪೆಟ್ಟಿಗೆ, ಎಲ್ಲವನ್ನೂ ಕ್ಯಾರವಾನಿನ ಬಾಲಕ್ಕೆ ಏರಿಸಿದ್ದೆ. ಮೂಗು ಹಗುರವಾದರೆ ಕಾರಿಗೆ ಸುಲಭವಲ್ಲವೇ ಎನ್ನುವುದು ನನ್ನ ತರ್ಕ. ಏರಿಸುವಾಗ ಮೆರ್ವ್ ಒಮ್ಮೆ ಗಂಟಲು ಸರಿಮಾಡಿಕೊಂಡರು. ದಾರಿಯ ನಡುವಿನ ಪೋರ್ಟ್ ವೇಕ್‌ಫೀಲ್ಡ್ ಊರು ದಾಟಿ ವೇಗ ತೊಂಬತ್ತಕ್ಕೆ ಬಂತು ನೋಡಿ, ಬಾಲ ಅಲ್ಲಾಡತೊಡಗಿತು. ಮೊದಲು ಮೆಲ್ಲಗೆ, ಆಮೇಲೆ ನಮ್ಮ ಕಾರನ್ನೇ ಹಿಡಿದು ಜಾಡಿಸುವ ಹಾಗೆ. ಕ್ಯಾರವಾನನ್ನು ನಾವು ಎಳೆಯುತ್ತಿದ್ದೇವೋ, ಅದು ನಮ್ಮನ್ನು ಅಟ್ಟುತ್ತಿದೆಯೋ ತಿಳಿಯದೆ ಕಾಲು ಬ್ರೇಕಿನ ಮೇಲೆ ಹೋಯಿತು. ಆಗ ಹಿಂದಿನಿಂದ ಬಂದ ಗಂಟಲಿನ ಸದ್ದು ಎಷ್ಟು ಜೋರಿತ್ತೆಂದರೆ ಹೆದರಿ ಕಾಲು ತೆಗೆದೆ. ಬ್ರೇಕ್ ಒತ್ತಿದ್ದರೆ ಕ್ಯಾರವಾನು ಮಗುಚುತ್ತಿತ್ತು ಎಂದು ಆಮೇಲೆ ಓದಿ ತಿಳಿದೆ. ಗಾಡಿ ತಾನಾಗಿ ನಿಧಾನಗೊಂಡು ರಸ್ತೆ ಪಕ್ಕಕ್ಕೆ ಬಂದು ನಿಂತಿತು.

ನಲವತ್ತು ಡಿಗ್ರಿ ಬಿಸಿಲಲ್ಲಿ, ಕ್ಯಾರವಾನಿನ ಜೊತೆ ಕೊಟ್ಟಿದ್ದ ಪುಸ್ತಿಕೆ ತೆರೆದು ಓದಿದೆ. ಭಾರ ಚಕ್ರಗಳ ಮೇಲೆ ಮತ್ತು ಅವಕ್ಕಿಂತ ಮುಂದೆ ಇರಬೇಕಂತೆ. ಮೊದಲನೇ ಪುಟದಲ್ಲೇ ಇತ್ತು. ನಾನು ಫ್ರಿಜ್ಜಿನ ಪುಟದಿಂದ ಶುರುಮಾಡಿದ್ದೆ. ಜನರೇಟರನ್ನು ಅಪ್ಪಿಕೊಂಡು ಆ ತುದಿಯಿಂದ ಈ ತುದಿಗೆ ಸಾಗಿಸುತ್ತಿದ್ದಾಗ, ಸಹಿಸಲಾರದೆ, ಈ ರೋಸ್ಲಿನ್ ಕಟ್ಟಿದ ಅಡುಗೆ ಸಾಮಾನಿನದೇ ಮುಖ್ಯ ತೊಂದರೆ ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ರೋಸ್ಲಿನ್ ತನ್ನ ಅಡುಗೆ ಡಬ್ಬವನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿ ಮತ್ತೆ ಒಳಗಿಟ್ಟಳು. ಮೆರ್ವ್ ಕಾರಿನ ನೆರಳಲ್ಲಿ ಕೂತು ತಣ್ಣನೆಯ ಪ್ಯಾಸ್ಟಿ, ಅಂದರೆ ಮಾಂಸ ತುಂಬಿದ ಕಡುಬು, ತಿನ್ನುತ್ತಿದ್ದರು. ಕೇಳಿದ್ದರೆ ಹತ್ತು ನಿಮಿಷದಲ್ಲಿ ಹೇಳಿಕೊಡುತ್ತಿದ್ದರು. ನಾನು ಕೇಳಲಿಲ್ಲ. ಅಲ್ಲೇ ಒಂದೂಕಾಲು ಗಂಟೆ ಹೋಯಿತು.

ಪೋರ್ಟ್ ಕ್ಯಾರೋ ತಲುಪಿದಾಗ ಒಂದು ಮೂವತ್ತೈದು. ನಮ್ಮ ಪಾರ್ಕುಗಳಲ್ಲಿ ಒಂದು ಪದ್ಧತಿ. ಹೊಸ ಗಾಡಿ ಒಳಗೆ ಬಂತೆಂದರೆ ಜನ ಮಡಚುವ ಕುರ್ಚಿಗಳನ್ನು ಎತ್ತಿಕೊಂಡು ರಸ್ತೆ ಬದಿಗೆ ಬಂದು, ಬಿಯರ್ ಕ್ಯಾನ್ ತೆರೆದು, ಅವನು ಹಿಮ್ಮುಖವಾಗಿ ನಿಲ್ಲಿಸುವುದನ್ನು ನೋಡುತ್ತಾರೆ. ಯಾರೂ ಸಹಾಯಕ್ಕೆ ಬರುವುದಿಲ್ಲ. ಕರೆಯದೆ ಬರುವುದು ಅವಮಾನ ಮಾಡಿದ ಹಾಗೆ. ಕುರ್ಚಿ ಹಾಕಿ ನೋಡುವುದು ಅವಮಾನವಲ್ಲ. ಈ ವರ್ಷ ಕಾಗದದ ತಟ್ಟೆಗಳ ಮೇಲೆ ಅಂಕ ಬರೆದು ಎತ್ತಿ ಹಿಡಿಯುವ ಹೊಸ ವ್ಯವಸ್ಥೆಯೂ ಇತ್ತು.

ಮೊದಲ ಸಲ ನಾನು ಎಡಕ್ಕೆ ತಿರುಗಿಸಿದೆ, ಕ್ಯಾರವಾನು ಬಲಕ್ಕೆ ಹೋಯಿತು. ಎರಡನೇ ಸಲ ಇಪ್ಪತ್ತೆಂಟನೇ ನಂಬರಿನವರ ಬಟ್ಟೆ ಒಣಗಿಸುವ ಹಗ್ಗ ಕಿತ್ತು ಬಂತು. ಮೂರನೇ ಸಲ ಕಾರೂ ಕ್ಯಾರವಾನೂ ಮಡಚಿಕೊಂಡು, ಹಿಂದಿನದರ ಕಿಟಕಿಯಲ್ಲಿ ನನಗೆ ನನ್ನ ಮುಖವೇ ಕಂಡಿತು. ಆನೆ ಹೋಗಿ ಬಾಲ ಸಿಕ್ಕಿಕೊಂಡಿತು ಅನ್ನುತ್ತಾರಲ್ಲ, ನಮ್ಮದು ಬಾಲವೂ ಹೋಗಿರಲಿಲ್ಲ. ತಟ್ಟೆಗಳು ಎದ್ದವು: ಒಂದು, ಒಂದು, ಸೊನ್ನೆ. ಪಾರ್ಕಿನ ಮೇಲ್ವಿಚಾರಕಿ ನೋಲಾ ಪಟ್ಟಿ ಹಿಡಿದು ಬಂದು ನಿಂತಳು. ನೋಲಾ ಕೆಟ್ಟವಳಲ್ಲ, ಆದರೆ ಅವಳ ಹಿಂದೆಯೇ, ಆಗಲೇ ತಮ್ಮ ಗಾಡಿಯ ಎಂಜಿನ್ ಚಾಲೂ ಮಾಡಿಟ್ಟುಕೊಂಡು, ಪಟ್ಟಿಯ ಮೊದಲ ಹೆಸರಿನ ಸಂಸಾರ ನಿಂತಿತ್ತು.

ಒಂದು ನಲವತ್ತೊಂಬತ್ತು. ರೋಸ್ಲಿನ್ ಕಿಟಕಿಯ ಹತ್ತಿರ ಬಂದಳು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ, ಅವಳ ಕಣ್ಣು ತುಂಬಿತ್ತು. "ಅಪ್ಪನ್ನ ಕೇಳು," ಅಂದಳು.

ಕಣ್ಣು ಕಾಣದವರನ್ನು ದಾರಿ ಕೇಳುವುದೆಂದರೆ ಹೇಗೆ, ಅದೂ ಇಷ್ಟು ಕುರ್ಚಿಗಳ ಎದುರು? ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂದನಂತೆ. ನನ್ನ ಮೀಸೆ ಬೆಳಗಿನಿಂದ ಮಣ್ಣಿನಲ್ಲೇ ಇತ್ತು. ನಾನು ಹಿಂದಕ್ಕೆ ತಿರುಗಿ ಹೇಳಿದೆ: "ಮೆರ್ವ್, ನನ್ನ ಕೈಲಿ ಆಗ್ತಿಲ್ಲ. ಹೇಳಿಕೊಡಿ."

"ಬಾಯಿ ಬಿಡಬಹುದಾ?" ಎಂದರು.

"ಬಿಡಿ."

"ಬಾಯೇನೂ ಬೇಡ. ಕಿಟಕಿ ಗಾಜು ಇಳಿಸು, ಕನ್ನಡಿ ನೋಡಬೇಡ. ಒಂದು ತಟ್ಟಿದ್ರೆ ಸ್ಟೀರಿಂಗ್ ಎಡಕ್ಕೆ, ಎರಡು ತಟ್ಟಿದ್ರೆ ಬಲಕ್ಕೆ, ಸದ್ದಿಲ್ಲ ಅಂದ್ರೆ ಹಂಗೇ ಬಾ. ಕುರೀನ ಲಾರಿಗೆ ಹತ್ತಿಸೋದೂ ಹಿಂಗೇ. ಅದಕ್ಕೂ ನಿನ್ನ ಹಂಗೇ ಏನೂ ಅರ್ಥ ಆಗ್ತಿರಲಿಲ್ಲ."

ಕಾರಿನಿಂದ ಇಳಿದು, ಕ್ಯಾರವಾನಿನ ಮೈಗೆ ಅಂಗೈ ಹಚ್ಚಿ, ಅದರ ಜೊತೆಜೊತೆಗೇ ಹಿಂದಕ್ಕೆ ನಡೆದರು. ನೆಲ ಅವರಿಗೆ ಕಾಲಿನಲ್ಲಿ ಗೊತ್ತು, ಮರದ ಬೇರು ಎಲ್ಲಿದೆ, ಗೂಟ ಎಲ್ಲಿದೆ, ಎಲ್ಲ. ಒಂದು ತಟ್ಟು. ಎರಡು ತಟ್ಟು. ಆಮೇಲೆ ಸದ್ದಿಲ್ಲ. ನಾನು ಜೀವನದಲ್ಲಿ ಮೊದಲ ಬಾರಿಗೆ ಹೇಳಿದಷ್ಟು ಮಾಡಿದೆ. ಕ್ಯಾರವಾನು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಗೂಟಗಳ ನಡುವೆ ಹೋಗಿ ನಿಂತಿತು. ಒಂದು ಐವತ್ತೇಳು. ನೋಲಾ ಪಟ್ಟಿಯಲ್ಲಿ ಗುರುತು ಹಾಕಿದಳು. ಕಾಯುತ್ತಿದ್ದ ಸಂಸಾರ ಎಂಜಿನ್ ಆರಿಸಿತು. ತಟ್ಟೆಗಳ ಮೇಲೆ ಒಂಬತ್ತು, ಒಂಬತ್ತು, ಹತ್ತು. ನಾನು ಕಾರಿನಿಂದ ಇಳಿದು ಬಾಗಿ ನಮಸ್ಕಾರ ಮಾಡಿದೆ, ಅಂಕವೆಲ್ಲ ನನ್ನದೇ ಎನ್ನುವ ಹಾಗೆ.

ಕ್ಯಾರವಾನ್ ಅಲ್ಲಾಡದಂತೆ ಅದರ ಮೂಲೆಗಳ ಆನಿಕೆ ಕಾಲುಗಳನ್ನು ಇಳಿಸಿ, ಚಹಾ ಕುಡಿದು, ನಾನು ಸಮುದ್ರ ಕಾಣುವ ಕಿಟಕಿಯ ಪಕ್ಕ ಹಾಸಿಗೆಯ ಮೇಲೆ ಒರಗಿದೆ. ನಿಜಕ್ಕೂ ಸಮುದ್ರ ಕಂಡಿತು. ಮೆರ್ವ್ ಗಾಳ ಹಿಡಿದು ಬಾಗಿಲಿಂದ ಇಳಿದರು. ರೋಸ್ಲಿನ್ ಜೊತೆಗೆ ಬರುತ್ತೇನೆಂದರೆ ಬೇಡವೆಂದರು. ಹನ್ನೆರಡು ಎಣಿಸಿ ಎಡಕ್ಕೆ ತಿರುಗಿದರು. ಮೂರನೇ ಹೆಜ್ಜೆಗೆ ಯಾರದೋ ಗುಡಾರದ ಹಗ್ಗಕ್ಕೆ ಕಾಲು ಸಿಕ್ಕಿ ಮೊಣಕಾಲೂರಿ ಬಿದ್ದರು.

ಕುರ್ಚಿಗಳಲ್ಲಿ ಯಾರೂ ನಗಲಿಲ್ಲ. ಮೆರ್ವ್ ಅವರೇ ನಕ್ಕರು, "ಲೆಕ್ಕ ತಪ್ತು," ಎಂದರು. ರೋಸ್ಲಿನ್ ಓಡಿ ಹೋಗಿ ಮೊಣಕೈ ಹಿಡಿದಳು. ಅವರು ಬಿಡಿಸಿಕೊಳ್ಳಲಿಲ್ಲ. ಅದನ್ನು ನೋಡಿ ನಾನು ಹಾಸಿಗೆಯಿಂದ ಎದ್ದು ಹೊರಗೆ ಬಂದೆ.

ಆಗ ಕಂಡಿತು ನನಗೆ, ಎರಡೂ ಕಣ್ಣು ನೆಟ್ಟಗಿರುವ ನನಗೆ. ಹಳೇ ಕ್ಯಾರವಾನಿನ ಬಾಗಿಲು ಇಳಿಯುತ್ತಿದ್ದಲ್ಲಿ ಮೆರ್ವ್ ತಾವೇ ಹಾಕಿದ ಸಿಮೆಂಟಿನ ಚಪ್ಪಡಿಯಿತ್ತು. ನನ್ನ ಇಪ್ಪತ್ತೊಂದು ಅಡಿಯದರ ಬಾಗಿಲು ಅದಕ್ಕಿಂತ ಎರಡು ಹೆಜ್ಜೆ ಮುಂದೆ, ರಸ್ತೆಯ ಕಡೆಗೆ. ಹಾಗಾಗಿ ಹನ್ನೆರಡನೇ ಹೆಜ್ಜೆ ಹಳೇ ತಿರುವನ್ನು ದಾಟಿ ಬಿದ್ದಿತ್ತು. ಅಂಗಳದಲ್ಲಿ ಅವರು ಕೇಳಿದ ಪ್ರಶ್ನೆ ಅದು. ಉತ್ತರ ಕೇಳಿ ಅವರಿಗೆ ಅಂದೇ ತಿಳಿದಿತ್ತು, ಎಳೆಯುವವನು ಅಳಿಯ ಎಂದು ಸುಮ್ಮನಿದ್ದರು. ನಾನು ಹಾಸಿಗೆಯ ಮೇಲಿದ್ದೆ.

ಆನಿಕೆ ಕಾಲುಗಳನ್ನು ಮತ್ತೆ ಎತ್ತಿದೆ. ಕಾರಿಗೆ ಕೊಂಡಿ ಮತ್ತೆ ಹಾಕಿದೆ. ಇನ್ನು ಎರಡು ಹೆಜ್ಜೆ ಹಿಂದೆ ಹೋದರೂ ಗೂಟಗಳ ಒಳಗೇ, ಆದರೆ ಒಂದು ಕಡೆ ಮರ, ಹಿಂದೆ ಪಾರ್ಕಿನವರೆಲ್ಲ ಮೀನು ಕೊಯ್ಯುವ ಕಲ್ಲಿನ ಮೇಜು, ನಡುವೆ ಒಂದು ಗೇಣು ಉಳಿಯುತ್ತದೆ. ಕುರ್ಚಿಗಳು ಮತ್ತೆ ಹತ್ತಿರ ಸರಿದವು. ಮೆರ್ವ್ ತಟ್ಟಲು ಬರಲಿಲ್ಲ. ಚಪ್ಪಡಿಯ ಪಕ್ಕದಲ್ಲಿ ನಿಂತು ಕೈ ಚಾಚಿದರು. "ನಾನು ಇಲ್ಲೇ ನಿಂತಿರ್ತೀನಿ. ಬಾಗಿಲು ನನ್ನ ಕೈಗೆ ತಂದುಕೊಡು," ಎಂದರು.

ನಾಲ್ಕು ಸಲ ಹಿಂದೆ ಮುಂದೆ ಮಾಡಿದೆ. ಒಮ್ಮೆ ಮರದ ತೊಗಟೆ ಬಂತು, ಒಮ್ಮೆ ಕ್ಯಾರವಾನಿನ ಹಿಂದಿನ ದೀಪ ಹೋಯಿತು. ತಟ್ಟೆಗಳು ಏಳಲಿಲ್ಲ, ಅಂಕ ಕೊಡುತ್ತಿದ್ದವರು ಅದನ್ನು ಬಿಟ್ಟು ಎದ್ದು ನಿಂತಿದ್ದರು. ಐದನೇ ಸಲ ಬಾಗಿಲಿನ ಹಿಡಿ ನಿಧಾನವಾಗಿ ಬಂದು ಮೆರ್ವ್ ಅವರ ಅಂಗೈಗೆ ತಾಗಿತು.

ಈಗ ಮಲಗಿದರೆ ನನ್ನ ಅಗಲವಾದ ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ. ಮೀನಿನ ಮೇಜು ಕಾಣುತ್ತದೆ, ಕರುಳಿಗೆ ಕಾದು ಕೂತ ಪೆಲಿಕನ್ ಹಕ್ಕಿಯ ಮುಖ ಕಾಣುತ್ತದೆ. ಎರಡು ವಾರ ಆ ವಾಸನೆಯಲ್ಲಿ ಮಲಗಿದೆ. ಹಾಸಿಗೆ ಮಾತ್ರ ಉತ್ತಮವಾಗಿದೆ.

ಅಂದು ಸಂಜೆ ಮೆರ್ವ್ ಗಾಳ ಎತ್ತಿಕೊಂಡು ಮತ್ತೆ ಇಳಿದರು. ನಾನು ಚಪ್ಪಲಿ ಕಳಚಿ, ಕೇಳಿಸದ ಹಾಗೆ, ಹತ್ತು ಹೆಜ್ಜೆ ಹಿಂದೆ ನಡೆದೆ. ಬಾಯೊಳಗೇ ಎಣಿಸುತ್ತಿದ್ದೆ. ಹನ್ನೆರಡಕ್ಕೆ ತಿರುಗಿದರು. ಐವತ್ತು. ಎಂಬತ್ತು. ತೊಂಬತ್ತೊಂದಕ್ಕೆ ಅವರ ಎಡಗೈ, ಹುಡುಕದೆ, ಕಂಬಿಯ ಮೇಲೆ ಇಳಿಯಿತು.

ತಿರುಗಿ ನೋಡದೆಯೇ ಹೇಳಿದರು: "ಇನ್ನು ನೀನು ಹೋಗಿ ಮಲಕ್ಕೋ ಟ್ರೆವ್. ಇಲ್ಲಿಂದ ಮುಂದೆ ನಾನೊಬ್ಬನೇ ಹೋಗ್ತೀನಿ."