ಕುದಿಯುವ ಚಿಲುಮೆಯ ತೀರ್ಥ

ಜ್ವಾಲಾಮುಖಿಗಳ ಬಗ್ಗೆ ನನಗೆ ಯಾರೂ ಪಾಠ ಹೇಳಿಕೊಟ್ಟಿಲ್ಲ. ಶಾಮ್‌ಬರ್ಗ್‌ನ ಆಫೀಸಿನಿಂದ ಮನೆಗೆ ಬಂದು, ಊಟದ ತಟ್ಟೆ ಮುಂದಿಟ್ಟುಕೊಂಡು ವಿಡಿಯೊ ನೋಡಿ ನೋಡಿ ಕಲಿತದ್ದು. ಹಾಗಾಗಿ ಯೆಲ್ಲೋಸ್ಟೋನ್‌ಗೆ ಹೋಗುವುದೆಂದು ನಿಶ್ಚಯವಾದ ಕೂಡಲೇ ಗೈಡ್ ನಾನೇ ಎಂದು ಘೋಷಿಸಿಬಿಟ್ಟೆ. ನೆಲದಡಿ ಇಡೀ ಜ್ವಾಲಾಮುಖಿಯೇ ಮಲಗಿರುವ ನ್ಯಾಷನಲ್ ಪಾರ್ಕ್ ಅದು!

ಹೊರಟವರು ಮೂವರು ಹುಡುಗಿಯರು. ನಾನು, ಮೈಸೂರಿನ ನನ್ನ ರೂಮ್‌ಮೇಟ್, ಮತ್ತೆ ಹುಬ್ಬಳ್ಳಿಯ ಗೆಳತಿ. ರೂಮ್‌ಮೇಟ್ ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲಾಗಿ ಹಿಂದಿನ ಸೀಟನ್ನು ಸ್ವಂತ ಮಾಡಿಕೊಂಡಿದ್ದಳು. ಹುಬ್ಬಳ್ಳಿಯವಳಿಗೆ ಲೈಸೆನ್ಸ್ ಇತ್ತು, ಧೈರ್ಯ ಇರಲಿಲ್ಲ. ಡೆಟ್ರಾಯಿಟ್ ಹತ್ತಿರದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರಿನ ಬ್ರೇಕ್ ಪರೀಕ್ಷಿಸುವ ಇಂಜಿನಿಯರ್ ಅವಳು. ಚಳಿಗಾಲದಲ್ಲಿ ಐಸ್ ಮೇಲೆ ಅವಳ ಕಾರು ಗಿರ್ರನೆ ತಿರುಗಿ ರಸ್ತೆಯ ತಡೆಗೋಡೆಗೆ ಬಡಿದಿತ್ತು. ಮೈಗೆ ಏನೂ ಆಗಲಿಲ್ಲ, ಆದರೆ ಅಂದಿನಿಂದ ಸ್ಟೀರಿಂಗ್ ಮುಟ್ಟಿರಲಿಲ್ಲ. ಪಕ್ಕದ ಬೀದಿಯ ಆಂಟಿಯೊಬ್ಬರು ದಿನಾ ಅವಳನ್ನು ಪ್ಲಾಂಟಿಗೆ ಬಿಡುತ್ತಿದ್ದರು. ಈಗ ಆಂಟಿ ಟೆಕ್ಸಸ್‌ಗೆ ಹೊರಟಿದ್ದರು. ಆ ಊರಿನಲ್ಲಿ ಕಾರು ಓಡಿಸದೆ ಕೆಲಸ ಉಳಿಸಿಕೊಳ್ಳುವುದು ಹೇಗೆ? ಅಲ್ಲಿಂದ ನಮ್ಮ ಕಡೆಗೆ ರೈಲಿನಲ್ಲಿ ಬಂದಿಳಿದವಳು ನನ್ನ ಕಾರು ಹತ್ತುವ ಮುಂಚೆಯೇ ಹೇಳಿದಳು, "ವಾಪಸ್ ಹೋಗಿ ರಿಸೈನ್ ಮಾಡತೀನಿ. ದಾರ್ಯಾಗ ಯಾರೂ ಆ ಮಾತು ತಗೀಬ್ಯಾಡ್ರಿ."

ನಾವು ತೆಗೆಯಲಿಲ್ಲ. ವಿಸ್ಕಾನ್ಸಿನ್, ಮಿನೆಸೋಟ, ಮುಗಿಯುವುದೇ ಇಲ್ಲವೇನೋ ಅನಿಸುವ ಸೌತ್ ಡಕೋಟ, ಎಲ್ಲ ನಾನೇ ಡ್ರೈವ್ ಮಾಡಿದೆ. ಅವಳು ಪಕ್ಕದಲ್ಲಿ ಕೂತು ಚಪಾತಿಗೆ ಶೇಂಗಾ ಚಟ್ನಿಪುಡಿ ಹಾಕಿ, ಸುತ್ತಿ, ನನ್ನ ಬಾಯಿಗಿಡುತ್ತಿದ್ದಳು. ಮುಂದಿನ ಲಾರಿಯ ಕೆಂಪು ದೀಪ ಹೊತ್ತಿದಾಗಲೆಲ್ಲ ಅವಳ ಬಲಗಾಲು ತಾನಾಗಿಯೇ ನೆಲ ಒತ್ತುತ್ತಿತ್ತು. ನಾನು ನೋಡದವಳಂತೆ ಇರುತ್ತಿದ್ದೆ.

ಪಾರ್ಕಿನಲ್ಲಿ ಬಿಸಿನೀರಿನ ಚಿಲುಮೆ ಚಿಮ್ಮುವುದನ್ನು ಕಾಯುತ್ತ ಹಲಗೆಯ ಕಾಲುದಾರಿಯಲ್ಲಿ ನಿಂತಾಗ ನನ್ನ ಪ್ರವಚನ ಶುರುವಾಯಿತು.

"ಮಳೆನೀರು ಕೆಳಗಿಳಿದು ಜ್ವಾಲಾಮುಖಿ ಬಿಸಿಗೆ ಕಾಯತ್ತೆ ಕಣೇ. ಚಿಲುಮೆ ಗಂಟಲು ಸಣ್ಣದು, ಉಕ್ಕೋಕೆ ಜಾಗ ಇಲ್ಲ. ಆಮೇಲೆ..."

"ಆಮೇಲೆ ನಮ್ಮನೆ ಕುಕ್ಕರ್," ಎಂದಳು ರೂಮ್‌ಮೇಟ್. "ಎಷ್ಟ್ ವಿಷಲ್ ಅಂತ ಹೇಳ್ಬಿಡು, ಹಸಿವಾಗ್ತಿದೆ."

ಅಷ್ಟರಲ್ಲಿ ನೆಲ ಗೊರಗೊರ ಅಂದು ನೀರು ಆಕಾಶಕ್ಕೆ ಎದ್ದಿತು. ಗಾಳಿ ನಮ್ಮ ಕಡೆ ತಿರುಗಿ, ತಣ್ಣಗಾದ ತುಂತುರು ಮೈಮೇಲೆ ಬಿತ್ತು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ನನ್ನ ಬಲ ಅಂಗೈ ಗುಳಿಯಾಗಿ, ಎಡಗೈ ಅದರ ಕೆಳಗೆ ಬಂದಿತ್ತು. ಇದು ಕುಡಿಯುವ ನೀರಲ್ಲ ಎನ್ನುವಷ್ಟು ಬುದ್ಧಿ ಇತ್ತು. ಕಣ್ಣಿಗೊತ್ತಿಕೊಂಡು, ಉಳಿದದ್ದನ್ನು ತಲೆಗೆ ಸವರಿಕೊಂಡೆ. ತಿರುಗಿ ನೋಡಿದರೆ ರೂಮ್‌ಮೇಟ್ ಕೂಡ ಅದನ್ನೇ ಮಾಡುತ್ತಿದ್ದಳು!

"ಯವ್ವಾ, ಗುಡಿಯಾಗ ನಿಂತಂಗ ನಿಂತೀರಲ್ಲೇ!" ಹುಬ್ಬಳ್ಳಿಯವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇನ್ನ ಪ್ರಸಾದಕ್ಕ ಪಾಳಿ ಹಚ್ಚರಿ." ರೈಲಿನಿಂದ ಇಳಿದ ಮೇಲೆ ಅವಳು ಹೀಗೆ ನಕ್ಕಿದ್ದು ಅದೇ ಮೊದಲು. ಆ ನಗು ಮುಂದುವರಿಯಲಿ ಎಂದು ನಾನು ಇನ್ನೊಮ್ಮೆ ಮುಖವೊಡ್ಡಿದೆ.

ಕನ್ನಡಕ ತೊಯ್ದಿತ್ತು. ಒರೆಸಲಿಲ್ಲ. ತೀರ್ಥವನ್ನು ಯಾರಾದರೂ ಒರೆಸುತ್ತಾರೆಯೇ? ಸುತ್ತಾಡಿ ಕಾರಿನ ಹತ್ತಿರ ಬರುವಷ್ಟರಲ್ಲಿ ಎರಡೂ ಗಾಜಿನ ಮೇಲೆ ಬಿಳಿ ಪೊರೆ ಕಟ್ಟಿತ್ತು. ಬಾಟಲಿ ನೀರು ಹಾಕಿ, ದುಪಟ್ಟಾದಿಂದ ಉಜ್ಜಿದೆ. ಹೋಗಲಿಲ್ಲ. ಜ್ವಾಲಾಮುಖಿಯ ಕಲ್ಲಿನಿಂದ ಕರಗಿ ಬಂದ ಸಿಲಿಕಾ ಅದು, ಒಣಗಿದರೆ ಗಾಜಿಗೆ ಗಾಜೇ ಅಂಟಿದ ಹಾಗೆ. ನನಗೆ ಗೊತ್ತಿದ್ದ ವಿಷಯವೇ! ನಮ್ಮ ಮೋಟೆಲ್ ಇದ್ದದ್ದು ಪಶ್ಚಿಮದ ಗೇಟಿನಾಚೆ. ಇಳಿಬಿಸಿಲು ನೇರ ಎದುರಿಗೆ. ಕನ್ನಡಕ ಹಾಕಿದರೆ ಎಲ್ಲ ಹಾಲು, ತೆಗೆದರೆ ಎಲ್ಲ ಮಸುಕು.

"ಗೈಡಮ್ಮ, ಈಗೇನು?" ಎಂದಳು ರೂಮ್‌ಮೇಟ್. "ನಾನ್ ಬೇಕಾದ್ರೆ ಓಡಿಸ್ತೀನಿ, ಬೈಸನ್‌ಗಳಿಗೆ ಇನ್ಶೂರೆನ್ಸ್ ಇದ್ಯಾ ಕೇಳ್ಕೊಂಡ್ ಬಾ."

ಹುಬ್ಬಳ್ಳಿಯವಳು ಬಾಟಲಿಯನ್ನು ನನ್ನ ಬ್ಯಾಗಿನೊಳಗಿಡಲು ಕಾರಿನ ಹಿಂದಕ್ಕೆ ಹೋಗಿ, ಡಿಕ್ಕಿ ಮುಚ್ಚಿ ಬಂದಳು. ಆಮೇಲೆ ಕೈ ಚಾಚಿದಳು.

"ಕೊಡಿಲ್ಲೆ ಕೀ."

ಸೀಟು ಎಳೆದಳು, ಕನ್ನಡಿ ಸರಿಮಾಡಿದಳು, ಮತ್ತೆ ಸೀಟು ಎಳೆದಳು. ಅವಳ ಉಸಿರು ನನಗೆ ಕೇಳುತ್ತಿತ್ತು. ಕಾರು ಆಮೆಯ ಹಾಗೆ ಹೊರಟಿತು. ಹಿಂದಿನವರೆಲ್ಲ ನಮ್ಮನ್ನು ದಾಟಿ ಹೋದರು. ಒಂದು ತಿರುವಿನಲ್ಲಿ ಸಾಲಾಗಿ ಕಾರುಗಳು ನಿಂತಿದ್ದವು. ಬೈಸನ್ ಹಿಂಡು ರಸ್ತೆಯ ಮೇಲೇ ಬರುತ್ತಿತ್ತು. ಗುಡ್ಡದಂಥ ಒಂದು ಪ್ರಾಣಿ ಅವಳ ಕಿಟಕಿಯ ಪಕ್ಕವೇ ಹಾದುಹೋಯಿತು.

"ಹೋಗಪಾ," ಎಂದಳು ಅದಕ್ಕೆ, ಮೆಲ್ಲಗೆ. "ನಿಂದ ರಸ್ತಾ. ನನಗೇನ ಅವಸರ ಇಲ್ಲ."

ಅವಳ ಭುಜಗಳು ಇಳಿದದ್ದು ನನ್ನ ಮಸುಕುಗಣ್ಣಿಗೂ ಕಂಡಿತು.

ಮೋಟೆಲ್‌ನಲ್ಲಿ ಟವೆಲ್‌ಗಾಗಿ ಬ್ಯಾಗ್ ತೆರೆದೆ. ಮೇಲೆಯೇ ನನ್ನ ಹಳೇ ಕನ್ನಡಕ! ತಂದದ್ದೇ ಮರೆತುಹೋಗಿತ್ತು. ಅವಳನ್ನು ಸುಮ್ಮನೆ ಅಷ್ಟು ಹೆದರಿಸಿದೆನಲ್ಲ ಎಂದು ಅದನ್ನು ಹಿಡಿದುಕೊಂಡೇ ಹುಬ್ಬಳ್ಳಿಯವಳ ಹತ್ತಿರ ಹೋದೆ.

"ಸಾರಿ ಕಣೇ, ಇದು ಇತ್ತು, ನಂಗೆ..."

"ಗೊತ್ತೈತಿ. ಡಿಕ್ಕಿ ತಗದಾಗ ನೋಡಿದೆ."

"ಮತ್ತೆ ಯಾಕೇ ಹೇಳ್ಲಿಲ್ಲ?"

"ಹೇಳಿದ್ರ ಗಾಡಿ ನೀನ ಹೊಡೀತಿದ್ದಿ."

ಆಮೇಲೆ ಮಂಚದ ತುದಿಯಲ್ಲಿ ಕೂತು ಫೋನ್ ಮಾಡಿದಳು. ಕಾರಿನ ಕೀ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.

"ಆಂಟಿ, ಟೆಕ್ಸಸ್‌ಗೆ ಹೋಗೂಕಿಂತ ಮೊದ್ಲ ಒಂದಿನಾ ನನ್ನ ಬಾಜೂಕ ಕೂಡ್ತೀರೇನ್ರಿ? ಪ್ಲಾಂಟಿನ ತನಕ ಗಾಡಿ ನಾನ ಹೊಡೀತೀನಿ. ಇಲ್ರೀ, ಏನೂ ಹೇಳಿಕೊಡೂದು ಬ್ಯಾಡ. ಸುಮ್ನ ಕೂತ್ರ ಸಾಕು."