ಅಪ್ಪ ಟೀಚರಿಗೆ ಕಲಿಸಿದ ಮಾತು

ಆ ಭಾನುವಾರ ಮನೆಯಲ್ಲಿ ಎಲ್ಲವೂ ಎಂದಿನಂತೆಯೇ ಇತ್ತು. ಕ್ಯಾಸಂಬಳ್ಳಿ ಹತ್ತಿರದ ನಮ್ಮ ಊರಿಗೆ ಇಂಗ್ಲಿಷ್ ಟೀಚರ್ ಊಟಕ್ಕೆ ಬಂದಿದ್ದರು. ಅವರು ಸ್ಕಾಟ್ಲೆಂಡಿನವರು. ಕೆ.ಜಿ.ಎಫ್.ನ ನಮ್ಮ ಕಾಲೇಜಿನಲ್ಲಿ ಎರಡು ವರ್ಷ ಪಾಠ ಮಾಡಿದ್ದರು, ಇನ್ನು ನಾಲ್ಕು ವಾರಕ್ಕೆ ತಮ್ಮ ದೇಶಕ್ಕೆ ಹೊರಡುವವರಿದ್ದರು. ನಾನಾಗ ಬಿ.ಎ. ಕೊನೆಯ ವರ್ಷ.

ಊಟವಾದ ಮೇಲೆ ಟೀಚರ್ ಕೈ ಮುಗಿದು, "ನಾನು ಹೋಗುತ್ತೇನೆ" ಎಂದರು. ಕೋರಮಂಡಲ್ ಗಣಿಯಲ್ಲಿ ಕೆಲಸಕ್ಕಿದ್ದ ಅಪ್ಪ ಅವರನ್ನು ಬಾಗಿಲಲ್ಲೇ ನಿಲ್ಲಿಸಿದ.

"ಓಗ್ತೀನಿ ಅನ್ಬಾರ್ದಮ್ಮಾ, ಓಗ್ಬತ್ತೀನಿ ಅನ್ಬೇಕು. ನಾನು ದಿನಾ ಶಿಫ್ಟಿಗೆ ಒರಡೋವಾಗ ಅಂಗೇ ಅಂದು ಓಗೋದು."

ಟೀಚರ್ ಮೂರು ಸಲ ಹೇಳಿ ಕಲಿತರು. "ಪಾಠ ಮಾಡೋಳಿಗೇ ಪಾಠ ಮಾಡ್ತಾ ಅವ್ನೆ ನೋಡೇ ನಿಮ್ಮಪ್ಪ" ಎಂದು ಅಜ್ಜಿ ನಕ್ಕಳು.

ಮಂಗಳವಾರ ಶಿಫ್ಟ್ ಮುಗಿಸಿ ಬಂದ ಅಪ್ಪ ಎದೆ ಹಿಡಿದುಕೊಂಡಿದೆ ಎಂದು ಮಲಗಿದ. ಮತ್ತೆ ಏಳಲಿಲ್ಲ.

ಮಾರನೆಯ ದಿನ ಮಣ್ಣು ಮಾಡಿ ಬಂದ ಮೇಲೆ ಟೀಚರ್ ಬಂದರು. ಅಮ್ಮನ ಕೈ ಹಿಡಿದು ಚಾಪೆಯ ಮೇಲೆ ತುಂಬ ಹೊತ್ತು ಕೂತಿದ್ದರು. ಆಮೇಲೆ ಎದ್ದು, ಹೊಸ್ತಿಲಲ್ಲಿ ನಿಂತು, ಅಪ್ಪನ ಧಾಟಿಯಲ್ಲೇ ಹೇಳಿದರು: "ಓಗ್ಬತ್ತೀನಿ."

ಅಳುತ್ತಿದ್ದವರೆಲ್ಲ ತಲೆ ಎತ್ತಿ ಅವರನ್ನು ನೋಡಿದರು. ಸಾವಿನ ಮನೆಯಿಂದ ಹೊರಡುವವರು ಹೇಳದೆ ಎದ್ದು ಹೋಗಬೇಕು. ಬರುತ್ತೇನೆ ಎಂದರೆ ಇನ್ನೊಂದು ಸಾವಿಗೆ ಬರುತ್ತೇನೆ ಎಂದ ಹಾಗೆ. ಅದನ್ನು ಅಪ್ಪ ಕಲಿಸಿರಲಿಲ್ಲ.

"ಇನ್ಯಾರ ಎಣ ನೋಡಾಕೆ ಬತ್ತಾಳಂತೆ ಇವಳು?" ಅಜ್ಜಿ ಎದೆ ಬಡಿದುಕೊಂಡು ನನ್ನ ಕಡೆ ತಿರುಗಿದಳು. "ಆ ಕಾಲೇಜೂ ಬ್ಯಾಡ, ಆ ಪರೀಕ್ಷೇನೂ ಬ್ಯಾಡ. ಓದಿದ್ದು ಸಾಕು, ಮನೇಲಿ ಬಿದ್ದಿರು."

ಅಪ್ಪ ಹೋದ ಮೇಲೆ ಮನೆಯಲ್ಲಿ ಅಜ್ಜಿಯ ಮಾತೇ ಕೊನೆ. ಪರೀಕ್ಷೆಗೆ ಒಂದು ತಿಂಗಳೂ ಇರಲಿಲ್ಲ. ಮೂರು ವರ್ಷ ಓದಿದ್ದು ಅಲ್ಲಿಗೇ ನಿಂತಿತು ಎಂದುಕೊಂಡೆ. ಅಪ್ಪನಿಗಾಗಿ ಅಳುವಾಗಲೂ ಒಮ್ಮೊಮ್ಮೆ ಅದೇ ನೆನಪಾಗಿ ನಾಚಿಕೆಯಾಗುತ್ತಿತ್ತು.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಟೀಚರ್ ಮತ್ತೆ ಬಂದರು. ನನಗೆ ತಪ್ಪಿದ ಪಾಠಗಳನ್ನೆಲ್ಲ ಬರೆದು ತಂದಿದ್ದರು. ಆದ ತಪ್ಪನ್ನು ನನ್ನ ಜೊತೆಯ ಹುಡುಗಿಯರು ಅವರಿಗೆ ತಿಳಿಸಿದ್ದರು. ಅಜ್ಜಿ ಜಗಲಿಯ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು, ತಲೆ ಎತ್ತಿ ನೋಡಲಿಲ್ಲ. ಟೀಚರ್ ಪಕ್ಕದಲ್ಲಿ ಕೂತು ತಾವೂ ಬೀಜ ತೆಗೆಯತೊಡಗಿದರು. ಅರ್ಧ ಮೊರ ಆಯಿತು. ಆಮೇಲೆ ಟೀಚರ್ ಎದ್ದವರೇ ಯಾರ ಮುಖವನ್ನೂ ನೋಡದೆ ಬಸ್ಸಿನ ದಾರಿ ಹಿಡಿದರು.

"ಏಯ್ ಅಮ್ಮಣ್ಣಿ!" ಅಜ್ಜಿ ಕೂಗಿದಳು. "ಮೂಗಿ ಥರಾ ಓಯ್ತಾ ಇದ್ದೀಯಲ್ಲ, ಇವತ್ಯಾರು ಸತ್ತವ್ರೆ ಇಲ್ಲಿ?"

ಟೀಚರ್ ಹೆದರಿ ನನ್ನ ಕಡೆ ನೋಡಿದರು. ಹೇಳಿ ಎಂದು ಕಣ್ಣಲ್ಲೇ ಸನ್ನೆ ಮಾಡಿದೆ.

"ಓಗ್ಬತ್ತೀನಿ" ಎಂದರು, ಮೆಲ್ಲಗೆ.

"ಗಟ್ಟಿಯಾಗಿ ಅನ್ನು. ನನ್ಮಗ ಅಷ್ಟು ಮೆತ್ತಗೆ ಕಲಿಸ್ಲಿಲ್ಲ."

ಟೀಚರ್ ಗಟ್ಟಿಯಾಗಿಯೇ ಹೇಳಿದರು. ಅಮ್ಮ ಒಳಗಿನಿಂದ ನಕ್ಕಿದ್ದು ಕೇಳಿಸಿತು. ಎಷ್ಟೋ ದಿನದಿಂದ ಆ ಸದ್ದೇ ಇರಲಿಲ್ಲ. ಅಜ್ಜಿ ಮೊರ ಕೊಡವುತ್ತಾ ನನಗೆ, "ನೀನ್ಯಾಕೆ ನಿಂತಿದ್ದೀಯೇ ಇಲ್ಲಿ? ಆ ಕಾಗದಗಳನ್ನ ತಕ್ಕೊಂಡೋಗಿ ಓದ್ಕೋ, ಓಗು" ಎಂದಳು. ಕಾಗದಗಳನ್ನು ಬಾಚಿಕೊಂಡೆ. ಒಳಗೆ ಓಡಿದೆ.

ಉಳಿದ ಎರಡು ವಾರ ಕಾಲೇಜಿಗೆ ಹೋದೆ. ಟೀಚರನ್ನು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮದ್ರಾಸಿನ ರೈಲು ಹತ್ತಿಸಿದೆವು. ಕಿಟಕಿಯಿಂದ ಆ ಮಾತನ್ನು ಅವರು ಕೂಗಿ ಹೇಳಿದ್ದಕ್ಕೆ ಪ್ಲಾಟ್‌ಫಾರಂ ತುಂಬ ಜನ ನಕ್ಕರು. ಅವರು ಮತ್ತೆ ಬರಲಿಲ್ಲ. ನಾನು ಪಾಸಾದೆ. ರಿಸಲ್ಟ್ ಕೇಳಿ ಅಜ್ಜಿ ಕೇರಿಗೆಲ್ಲ ಬೆಲ್ಲ ಹಂಚಿದಳು.

ಈಗಲೂ ನಮ್ಮ ಮನೆಯಿಂದ ಹೊರಡುವವರೆಲ್ಲ ಅದನ್ನು ಹೇಳಿಯೇ ಹೋಗುತ್ತಾರೆ. ಅಪ್ಪ ಹೇಳುವುದು ಮಾತ್ರ ಕೇಳಿಸುವುದಿಲ್ಲ.